ಲಿಫ್ಟಿನ ಗುಂಡಿ ಮತ್ತು ನನ್ನ ಒಂಬತ್ತು ಗುಣಕಗಳು

ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟ ನನಗೆ ವಿದ್ಯಾರ್ಥಿಗಳು ಇಟ್ಟ ಹೆಸರು ‘ಅಂದುಕೊಳ್ಳೋಣ’. ಯಾವ ಲೆಕ್ಕವನ್ನೇ ಆಗಲಿ, ಆ ಮಾತಿನಿಂದಲೇ ಶುರು ಮಾಡುತ್ತಿದ್ದೆ. ನಿವೃತ್ತನಾಗಿ ಮನೆಯವರ ತಲೆ ತಿನ್ನತೊಡಗಿದಾಗ, ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದ ತಂಗಿ ನನಗೊಂದು ಕೆಲಸ ಹಚ್ಚಿದಳು.

“ಅಣ್ಣಾ, ಐದು ಮಹಡಿಗೆ ಎರಡೇ ಲಿಫ್ಟು. ಜನ ಕಾದು ಕಾದು ಸುಸ್ತಾಗ್ತಾರೆ. ನಿನ್ನ ಗಣಿತದಲ್ಲಿ ಏನಾದ್ರೂ ದಾರಿ ಇದ್ಯಾ ನೋಡು.”

“ಇದೇನು ಮಹಾ!” ಎಂದೆ. ಆಸ್ಪತ್ರೆಯ ಕಡೆ ತಲೆ ಕೂಡ ಹಾಕಲಿಲ್ಲ. ಯಾವ ಮಹಡಿಯಲ್ಲಿ ಎಷ್ಟು ಸಲ ಗುಂಡಿ ಒತ್ತಿದರು ಎಂದು ಯಂತ್ರವೇ ಬರೆದಿಟ್ಟ ಒಂದು ವಾರದ ಪಟ್ಟಿ ತರಿಸಿ, ಊಟದ ಮೇಜಿನ ಮೇಲೆ ಹರಡಿಕೊಂಡೆ. ಒಂದು ಸಲ ಒತ್ತಿದರೆ ಒಬ್ಬ ಮನುಷ್ಯ ಎಂದು ಹಿಡಿದೆ. ಉತ್ತರ ಹೊಂದದ ಕಡೆಯೆಲ್ಲ, ಅದನ್ನು ಹೊಂದಿಸಲು ನಾನೇ ಆರಿಸಿದ ಒಂದೊಂದು ಸಂಖ್ಯೆಯನ್ನು, ಅಂದರೆ ಗುಣಕವನ್ನು, ತುರುಕಿದೆ. ಏಳು ದಿನದ ಅಂಕಿಗೆ ಒಂಬತ್ತು ಗುಣಕ! ಉತ್ತರ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತು. ವಿದ್ಯಾರ್ಥಿ ಹೀಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ. ನಾನೇ ಮಾಡಿದ್ದರಿಂದ ಹೆಂಡತಿಯನ್ನು ಕರೆದು ತೋರಿಸಿದೆ.

“ಚೆನ್ನಾಗಿದೆ. ಮೇಜು ಖಾಲಿ ಮಾಡ್ತೀರಾ?” ಎಂದಳು.

ಗುಂಡಿ ಹೆಚ್ಚು ಒತ್ತಿದ್ದು ಮೂರನೇ ಮಹಡಿಯಲ್ಲಿ. ಹಾಗಾಗಿ ಒಂದು ಲಿಫ್ಟು ಸದಾ ಅಲ್ಲೇ ನಿಂತಿರಲಿ ಎಂದು ಬರೆದುಕೊಟ್ಟೆ. ಸೋಮವಾರ ಜಾರಿಗೆ ಬಂತು. ಹತ್ತು ಗಂಟೆಗೆ ತಂಗಿಯ ಫೋನು: “ಕೆಳಗಡೆ ಸಾಲು ರಸ್ತೆಗೆ ಮುಟ್ಟಿದೆ ಅಣ್ಣಾ, ಬೇಗ ಬಾ!”

ಲಿಫ್ಟು ನಡೆಸುವ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಲೆಕ್ಕ ನಿಮ್ಮದೇನಾ ಸಾರ್? ಮೂರರಲ್ಲಿ ಇರೋದು ಮಕ್ಕಳ ವಾರ್ಡು. ಜ್ವರ ಬಿಟ್ಟ ಮಕ್ಕಳಿಗೆ ಆ ಗುಂಡಿಯ ದೀಪಾನೇ ಆಟ. ಬಾಗಿಲು ತೆಗೆದ್ರೆ ಒಂದು ನರಪಿಳ್ಳೆಯೂ ಇರಲ್ಲ. ಒಂದ್ಸಲ ಬಂದು ಕೇಳಿದ್ರೆ ಹೇಳ್ತಿದ್ದೆ.”

ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮುಂದಿನ ವಾರವೆಲ್ಲ ಅವಳ ಪಕ್ಕ ಕೂತು, ಗುಂಡಿ ಬಿಟ್ಟು ತಲೆಗಳನ್ನು ಎಣಿಸಿದೆ. ಎರಡೇ ಗುಣಕ ಇಟ್ಟುಕೊಂಡು ಹೊಸ ಲೆಕ್ಕ ಮಾಡಿದೆ. ಈ ಸಲ ಇನ್ನೊಂದು ವಾರ ಎಣಿಸಿ, ಆ ಅಂಕಿಗೂ ಒರೆಹಚ್ಚಿದೆ. ಬೆಳಿಗ್ಗೆ ಒಂದು ಲಿಫ್ಟು ಕೆಳಗೇ ಇರಬೇಕು ಎಂದು ಬಂತು. ಹನ್ನೊಂದು ವರ್ಷದಿಂದ ಅವಳು ಮಾಡುತ್ತಿದ್ದುದೂ ಅದನ್ನೇ. ನನ್ನ ಪಾಲಿನ ಸಂಶೋಧನೆ ಒಂದೇ: ಮಕ್ಕಳ ವಾರ್ಡಿನ ಗುಂಡಿಯನ್ನು ಒಂದಡಿ ಮೇಲಕ್ಕೆ ಹಾಕಿಸಿದ್ದು. ಕಾಯುವ ಹೊತ್ತು ಅರ್ಧಕ್ಕಿಳಿಯಿತು.

ಮರುದಿನ ಒಬ್ಬಳು ಪುಟ್ಟ ಹುಡುಗಿ ಗುಂಡಿ ಎಟುಕದೆ ಮುಖ ಊದಿಸಿಕೊಂಡು ನಿಂತಿದ್ದಳು. ಆಚೀಚೆ ನೋಡಿ ಅವಳನ್ನು ಎತ್ತಿಕೊಂಡೆ. ಒತ್ತಿದಳು. ಬಾಗಿಲು ತೆರೆಯಿತು.

“ಸಾರ್, ನೀವೂನಾ?” ಎಂದಳು ಲಿಫ್ಟಿನವಳು.