ಬ್ರೇಕ್ ಮೇಷ್ಟ್ರ ಎಡತೊಡೆ

ಡ್ರೈವಿಂಗ್ ಶಾಲೆಯಲ್ಲಿ ಅವರು ಬ್ರೇಕ್ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಎಡಗಾಲಡಿಯ ಹೆಚ್ಚುವರಿ ಬ್ರೇಕನ್ನು ಒತ್ತುತ್ತಲೇ ಅರ್ಧ ಆಯುಷ್ಯ ಕಳೆದವರು. ಹಾಗಾಗಿ ಎಡತೊಡೆ ನೋಯತೊಡಗಿದಾಗ ತಪ್ಪೆಲ್ಲ ಹೊಸ ಬ್ಯಾಚಿನವರದೇ ಎಂದು ತೀರ್ಮಾನಿಸಿಬಿಟ್ಟರು. ಕೆಲವು ತಿಂಗಳಿಂದ ಹೊಟ್ಟೆಯೂ ನೆಟ್ಟಗಿರಲಿಲ್ಲ. ಒಂದು ದಿನ ಕಟ್ಟಿಕೊಂಡರೆ ಮರುದಿನ ಸಡಿಲ. ಇದನ್ನೆಲ್ಲ ಯಾರ ಮುಂದೆ ಹೇಳುವುದು ಎಂದು ಬಾಯಿಬಿಟ್ಟಿರಲಿಲ್ಲ.

ಮೈ ಕಾದು, ಕುಂಟುವಂತಾದಾಗ ಹೆಂಡತಿ ಮುಲಾಮು ಹಚ್ಚಲು ಕೂತಳು. ಬೆರಳಿಟ್ಟಲ್ಲೆಲ್ಲ ಚರ್ಮದಡಿ ಚರಚರ ಎಂದಿತು, ಒಣಗಿದ ಎಲೆ ತುಳಿದಂತೆ.

"ಏನ್ರೀ ಇದು, ತೊಡೆಗೆ ಗಾಳಿ ಹೊಡೆಸ್ಕೊಂಡಿದೀರಾ?"

"ಟೈರೇನೇ ಇದು?" ಎಂದು ನಗಲು ಹೋದ ಮೇಷ್ಟ್ರು ನೋವಿಗೆ ಮುಖ ಕಿವಿಚಿದರು. ಅವಳು ಮುಲಾಮಿನ ಕೈಯಲ್ಲೇ ಟ್ಯಾಕ್ಸಿ ಕರೆದಳು.

ತೊಡೆಯಲ್ಲಿ ನಿಜಕ್ಕೂ ಗಾಳಿಯಿತ್ತು. ಸ್ಕ್ಯಾನ್ ನೋಡಿದ ಸರ್ಜನಮ್ಮ ಒಂದು ಕಾಲದಲ್ಲಿ ಇವರಿಂದ ಬೈಸಿಕೊಂಡೇ ಕಾರು ಕಲಿತವಳು. ದೊಡ್ಡಕರುಳಿನಲ್ಲಿ ಕ್ಯಾನ್ಸರ್ ಗಡ್ಡೆಯಿದೆ, ಅದು ಹಿಂಬದಿಗೆ ತೂತಾಗಿದೆ, ಕೀವು ಮತ್ತು ಗಾಳಿ ಮಾಂಸಖಂಡದಗುಂಟ ತೊಡೆಗಿಳಿದಿವೆ ಎಂದು ಬಿಡಿಸಿ ಹೇಳಿದಳು. ಇಂಥದ್ದನ್ನು ಪುಸ್ತಕದಲ್ಲಿ ಓದಿದ್ದಳಷ್ಟೇ.

"ಹೀಗಾದಾಗ ಸಾಮಾನ್ಯವಾಗಿ ಹೊಟ್ಟೆನೇ ಕೂಗಿ ಹೇಳತ್ತೆ ಮೇಷ್ಟ್ರೇ. ನಿಮ್ಮದು ತೊಡೆ ಕೈಲಿ ಹೇಳಿಕಳಿಸಿದೆ."

ಕ್ಯಾನ್ಸರ್ ಎಂಬ ಮಾತಿಗೆ ಮೇಷ್ಟ್ರು ಹೆಂಡತಿಯ ಕೈ ಹುಡುಕಿ ಹಿಡಿದುಕೊಂಡರು.

"ಹೆದರಬೇಡಿ," ಎಂದಳು ಸರ್ಜನಮ್ಮ. "ಇಲ್ಲಿ ಬ್ರೇಕ್ ನನ್ನ ಕಾಲಡಿ ಇದೆ."

ಅಂದೇ ಆಪರೇಷನ್ ಆಯಿತು. ಗಡ್ಡೆಯಿದ್ದ ಕರುಳನ್ನು ಕತ್ತರಿಸಿ ತೆಗೆದರು. ತೊಡೆಯನ್ನು ಮತ್ತೆ ಮತ್ತೆ ತೆರೆದು ತೊಳೆದರು. ಮಲ ಹೋಗಲು ಹೊಟ್ಟೆಯ ಮೇಲೊಂದು ಚೀಲ ಅಂಟಿಸಿದರು. ಚೀಲ ಕಂಡು ಮೇಷ್ಟ್ರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಅಪರೂಪದ ತೊಡೆ ನೋಡಲು ಎಳೆಯ ಡಾಕ್ಟರುಗಳ ಹಿಂಡೇ ನುಗ್ಗಿದ ದಿನ ಮಾತ್ರ ಅವರೊಳಗಿನ ಮೇಷ್ಟ್ರು ಎದ್ದು ಕೂತರು: "ಸಾಲಾಗಿ ಬನ್ನಿ. ಓವರ್‌ಟೇಕ್ ಬೇಡ."

ಕೀಮೋ ಮುಗಿಸಿ, ಕೂದಲು ತೆಳುವಾಗಿಸಿಕೊಂಡು, ಅವರು ಮತ್ತೆ ಕಾರು ಹತ್ತಿದರು. ಸೀಟ್ ಬೆಲ್ಟ್ ಚೀಲವನ್ನು ಒತ್ತದಂತೆ ಹೆಂಡತಿ ಮೆತ್ತನೆಯ ಪಟ್ಟಿ ಹೊಲಿದುಕೊಟ್ಟಿದ್ದಳು. ಮೊದಲ ವಾರವೇ ಚೀಲ ಪುರ್ರೆಂದಿತು. ಸ್ಟಿಯರಿಂಗ್ ಹಿಡಿದಿದ್ದ ಹುಡುಗಿ ಕೇಳಿಸದವಳಂತೆ ರಸ್ತೆಯನ್ನೇ ದಿಟ್ಟಿಸಿದಳು.

"ಹಾರ್ನ್ ನಂದೇ," ಎಂದರು ಮೇಷ್ಟ್ರು. "ನೀನು ಗೇರ್ ಹಾಕು."

ಅವಳಿಗೆ ನಗು ತಡೆಯಲಾಗಲಿಲ್ಲ. ಕಾರು ತಿರುವಿನಲ್ಲೇ ಆಫ್ ಆಗಿ ನಿಂತಿತು. ಹಿಂದಿನವರೆಲ್ಲ ಹಾರ್ನ್ ಬಾರಿಸತೊಡಗಿದರು. ಮೇಷ್ಟ್ರಿಗೆ ಯಾವ ಅವಸರವೂ ಇರಲಿಲ್ಲ.