ಹೊಗೆ ತಾಗದ ಬೀಜ

ಪಕ್ಕದ ಮನೆಯ ಚಂದನಾ ನಿನ್ನೆ ಸಂಜೆ ಒದ್ದೆ ಹತ್ತಿ ಹಾಸಿದ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಂದಳು. ನೆನೆದ ಹೆಸರುಕಾಳಿನ ಹಸಿ ವಾಸನೆ ಶಿಕಾರಿಪುರದ ನನ್ನ ಸಣ್ಣ ಪಡಸಾಲೆಯನ್ನು ತುಂಬಿತು. ಬೀಜ ಮೊಳೆಯಲು ನೀರು, ಗಾಳಿ, ಶಾಖ, ಬೆಳಕು ಯಾವ್ಯಾವುದು ಬೇಕೆಂದು ಶಾಲೆಯಲ್ಲಿ ಪ್ರಯೋಗ ಮಾಡಿ ತೋರಿಸಬೇಕಂತೆ. "ಅಜ್ಜಿ, ಹೆಂಗೆ ಜೋಡಿಸ್ಲಿ ಹೇಳ್ರಿ" ಎಂದಳು.

ಇಂಥ ಪ್ರಶ್ನೆ ಕೇಳಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಸೊರಬದ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ದೋಸೆಗೆ ಅಕ್ಕಿ ನೆನೆಹಾಕುವುದೂ ಗಡಿಯಾರ ನೋಡಿಯೇ. ಲೋಟಕ್ಕೆ ಚೀಟಿ ಅಂಟಿಸು, ಎಲ್ಲದಕ್ಕೂ ಅಷ್ಟಷ್ಟೇ ಕಾಳು ಹಾಕು, ಒಂದು ಲೋಟದಲ್ಲಿ ಒಂದನ್ನು ಮಾತ್ರ ಬದಲಿಸು, ಉಳಿದದ್ದನ್ನು ಮುಟ್ಟಬೇಡ. ಎಲ್ಲವೂ ಸರಿಯಿರುವ ಒಂದು ಲೋಟ ಇರಲಿ, ಮಿಕ್ಕವನ್ನು ಅದಕ್ಕೆ ಹೋಲಿಸಬೇಕು. ಇಷ್ಟು ಹೇಳುವಷ್ಟರಲ್ಲಿ ನನ್ನ ದನಿ ಇಳಿಯಿತು. ಎಲ್ಲವೂ ಸರಿಯಿದ್ದ ಒಂದು ಬಟ್ಟಲು ನೆನಪಾಗಿತ್ತು.

ನಮ್ಮ ಶಾಲೆಯಲ್ಲಿ ಈ ಪ್ರಯೋಗ ಜೂನಿನಲ್ಲಿ ನಡೆಯುತ್ತಿತ್ತು. ಬೀಜವನ್ನು ಮಕ್ಕಳೇ ಮನೆಯಿಂದ ತರಬೇಕು, ಹೊತ್ತಿಗೆ ಸರಿಯಾಗಿ ನೀರು ಚಿಮುಕಿಸಬೇಕು, ಶನಿವಾರ ಮೇಜು ಖಾಲಿಯಾಗಬೇಕು. ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತು, "ಏನ್ರೀ ಮೇಡಂ, ನಿಮ್ಮ ಬೀಜಕ್ಕೂ ಬೆಲ್ ಹೊಡೀಬೇಕೇನ್ರಿ?" ಎಂದು ಕೆಣಕುವರು. "ಬೆಲ್ ಹೊಡೀದಿದ್ರೆ ನಿಮ್ಮ ಪಾಠಕ್ಕೆ ಯಾರು ಬರ್ತಾರ್ರೀ" ಎಂದು ನಾನೂ ಬಿಡುತ್ತಿರಲಿಲ್ಲ.

ಒಂದು ವರ್ಷ, ಉಳವಿ ಕಡೆಯಿಂದ ಬಸ್ಸಿಗೆ ಬರುತ್ತಿದ್ದ ನಾಗವೇಣಿ ಕರವಸ್ತ್ರದಲ್ಲಿ ಒಂದು ಹಿಡಿ ಭತ್ತ ಕಟ್ಟಿಕೊಂಡು ಬಂದಳು. "ನಮ್ಮವ್ವನ ಬೀಜ ಅಕ್ಕೋರೆ" ಎಂದಳು. ಕೆಂಪಕ್ಕಿಯ ಭತ್ತ. ತಾಯಿ ಮದುವೆಯಾಗಿ ಬರುವಾಗ ತವರಾದ ಕುಬಟೂರಿನಿಂದ ತಂದು, ವರ್ಷ ವರ್ಷವೂ ಬಿತ್ತಿ ಉಳಿಸಿಕೊಂಡಿದ್ದು. ತವರಿನಲ್ಲೇ ಆಮೇಲೆ ಎಲ್ಲರೂ ಅಂಗಡಿ ಬೀಜಕ್ಕೆ ಹೋಗಿ, ಆ ತಳಿ ಉಳಿದದ್ದು ಇವರ ಮನೆಯಲ್ಲಿ ಮಾತ್ರ. ಆ ತಾಯಿ ಹಿಂದಿನ ವರ್ಷದ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಸಾವಾದ ವರ್ಷ ಸತ್ತವರು ಕಟ್ಟಿಟ್ಟ ಬೀಜ ಬಿತ್ತಬಾರದೆಂಬುದು ಅವರ ಮನೆಯ ನಡವಳಿಕೆ. ಹಾಗಾಗಿ, ಹುಲ್ಲು ಸುತ್ತಿ ಕಟ್ಟಿದ ಬೀಜದ ಮೂಡೆ ಒಂದು ಇಡೀ ಮಳೆಗಾಲ ಅಡುಗೆಮನೆಯ ಅಟ್ಟದ ಮೇಲೇ ಕೂತಿತ್ತು.

"ಈ ಸಲ ಅಪ್ಪ ಅದನ್ನೇ ಬಿತ್ತಾನೆ. ಗದ್ದೆ ಹೂಡಿ ಕಾಯ್ತಾ ಐದಾನೆ" ಎಂದಳು ನಾಗವೇಣಿ.

ಬೇರೆ ಮಕ್ಕಳ ಹೆಸರುಕಾಳು, ಕಡಲೆಗಳಿಗೆ ಮೊಳಕೆಯ ಬಾಲ ಬಂತು. ನಾಗವೇಣಿಯ ಬಟ್ಟಲುಗಳಲ್ಲಿ, ನೀರು ಗಾಳಿ ಶಾಖ ಬೆಳಕು ಎಲ್ಲವೂ ಇದ್ದ ಬಟ್ಟಲಿನಲ್ಲೂ, ಭತ್ತ ಹಾಗೇ ಮಲಗಿತ್ತು. ಮೂಡೆಯ ನಡುವಿನಿಂದ ಇನ್ನೊಂದು ಹಿಡಿ ತರಿಸಿದೆ. ಅದೂ ಹಾಗೆಯೇ. ಶನಿವಾರ ಎಲ್ಲರೂ ಮೇಜು ಒರೆಸುತ್ತಿದ್ದಾಗ ಅವಳು ತನ್ನ ಬಟ್ಟಲಿಗೆ ಕೈ ಅಡ್ಡ ಹಿಡಿದಳು. "ಇನ್ನೊಂದೆರಡು ದಿನ ನೋಡಾನ ಅಕ್ಕೋರೆ. ಭತ್ತ ನಿಧಾನ." ಆ ಮೇಜಿನ ಮೇಲೆ ಶನಿವಾರ ದಾಟಿ ಉಳಿದ ಬಟ್ಟಲು ಅದೊಂದೇ. ಸೋಮವಾರ ಅದರಲ್ಲಿ ಬಿಳಿ ಬೂಷ್ಟು ಎದ್ದಿತ್ತು.

"ಅಪ್ಪಂಗೆ ನಂಗೆ ಹೇಳಾಕಾಗಲ್ಲ. ನೀವೇ ಹೇಳ್ರಿ" ಎಂದಳು.

ಅಪ್ಪ ಕೆರಿಯಪ್ಪನನ್ನು ಕರೆಸಿದೆ. ಚಪ್ಪಲಿ ಹೊರಗೆ ಬಿಟ್ಟು ಬಂದು ಬಟ್ಟಲನ್ನು ನೋಡಿದವನೇ ಬೆಂಚಿನ ತುದಿಗೆ ಕೂತ. ನಾನು ನನ್ನ ಅಭ್ಯಾಸದಂತೆ ಕಾರಣ ಹುಡುಕಿದೆ. ಮೂಡೆ ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ.

"ಒಲೆ ಮ್ಯಾಲಿನ ಅಟ್ಟದಾಗೆ. ಅವಳಿದ್ದಾಗ್ಲೂ ಅಲ್ಲೇ."

"ಹೋದ ಮಳೆಗಾಲ ಒಲೆ ಉರೀತಿತ್ತಾ?"

ಅವನು ಬಟ್ಟಲನ್ನು ಕೈಗೆತ್ತಿಕೊಂಡ. "ಗ್ಯಾಸ್ ತಂದೆ ಅಕ್ಕೋರೆ. ಅವಳು ಹೋದ್ಮ್ಯಾಲೆ ಅಡುಗೆ ಈ ಹುಡುಗೀದೇ. ಹೊಗೆಗೆ ಕಣ್ಣು ಕೆಂಪಾಗವು. ನೋಡಾಕಾಗ್ಲಿಲ್ಲ."

ಒಲೆಯ ಹೊಗೆ, ಶಾಖ ತಾಗುತ್ತಿದ್ದರೇ ನಮ್ಮ ಕಡೆಯ ಮಳೆಗಾಲದಲ್ಲಿ ಮೂಡೆಯ ಬೀಜ ತೇವ ಹಿಡಿಯದೆ ಉಳಿಯುವುದು. ಇಬ್ಬರಿಗೂ ಗೊತ್ತಿದ್ದ ಮಾತು. ಎದ್ದು ಹೋಗುವಾಗ ಅವನು, "ಇದೊಂದು ಹುಡುಗಿಗೆ ಹೇಳ್ಬ್ಯಾಡ್ರಿ. ತನ್ನ ದೆಸೆಯಿಂದ ಆತು ಅಂದ್ಕಂತಾಳೆ" ಎಂದ.

ಮರುದಿನ ನಾಗವೇಣಿ ವರದಿ ಬರೆಯುತ್ತ ಕೂತು, "ಕಾರಣ ಏನು ಬರೀಲಿ?" ಎಂದಳು.

"ಬೀಜ ಹಳೇದಾಗಿತ್ತು ಅಂತ ಬರಿ."

"ಒಂದೇ ವರ್ಷಕ್ಕಾ ಅಕ್ಕೋರೆ?"

"ಹ್ಞೂಂ."

ಆಧಾರವಿಲ್ಲದೆ ಕಾರಣ ಬರೆಯಬಾರದೆಂದು ಕಲಿಸಿದವಳು ನಾನೇ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ತಲೆ ಬಗ್ಗಿಸಿ ಬರೆದಳು. ಆ ಮಳೆಗೆ ಕೆರಿಯಪ್ಪನ ಗದ್ದೆಗೆ ಶಿರಾಳಕೊಪ್ಪದ ಅಂಗಡಿ ಬೀಜ ಬಿತ್ತು. ಮೂಡೆಯ ಭತ್ತ ಏನಾಯಿತೆಂದು ಎಷ್ಟೋ ದಿನ ಕೇಳಲಾಗದೆ ಕೊನೆಗೊಮ್ಮೆ ನಾಗವೇಣಿಯನ್ನು ಕೇಳಿದೆ.

"ಕುಟ್ಟಿಸಿ ಉಂಡ್ವಿ ಅಕ್ಕೋರೆ" ಎಂದಳು. "ಚೆನ್ನಾಗಿತ್ತು."

ಚಂದನಾ ಇನ್ನೂ ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು. "ಎಲ್ಲಕ್ಕಿಂತ ಮೊದಲು, ಈ ಕಾಳನ್ನ ಮನೇಲಿ ಯಾರು ಇಟ್ಟಿದ್ದು, ಎಲ್ಲಿಟ್ಟಿದ್ದು, ಅದನ್ನ ಕೇಳ್ಕೊಂಡು ಬಾ" ಎಂದೆ.

"ಅದಕ್ಕೆ ಮಾರ್ಕ್ಸ್ ಇಲ್ಲಜ್ಜಿ."

"ಇಲ್ಲ. ಆದ್ರೂ ಕೇಳು."

ಹುಡುಗಿ ಗೊಣಗುತ್ತಲೇ ಕಾಂಪೌಂಡಿನಾಚೆ ಹೋಗಿ, "ಅಮ್ಮಾ, ಈ ಹೆಸರುಕಾಳು ಎಲ್ಲಿಟ್ಟಿದ್ದೆ?" ಎಂದು ಕೂಗಿದಳು. ನನ್ನ ಊಟದ ಹೊತ್ತು ಮೀರುತ್ತಿತ್ತು. ಒಳಗಿನಿಂದ ಅವಳ ತಾಯಿಯ ಉತ್ತರ ಕೇಳಿಸುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.