ಕೋವಿಗೆ ಪಟ್ಟಿ ಹೊಲಿದ ವರ್ಷ

ನಾನು ಟೈಲರ್. ಹುಣಸೂರಿನ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ನನ್ನ ಅಂಗಡಿ ಇತ್ತು. ಎದುರಿಗೆ ಯಾರೇ ಬಂದರೂ ನಾನು ಮೊದಲು ನೋಡುವುದು ಅವರ ಬಟ್ಟೆಯ ಹೊಲಿಗೆಯನ್ನು, ಆಮೇಲೆ ಮುಖವನ್ನು. ನನ್ನ ಬಾಯಿ ಜೋರು ಎಂದು ಬೀದಿಯೇ ಹೇಳುತ್ತದೆ, ಸುಳ್ಳೇನಲ್ಲ. ರವಿಕೆ ಬಿಗಿಯಾಯಿತೆಂದು ಜಗಳಕ್ಕೆ ಬಂದವರಿಗೆ, ಬೆಳೆದದ್ದು ನೀವು, ರವಿಕೆ ಇದ್ದಷ್ಟೇ ಇದೆ ಎಂದು ಹೇಳಿ ಕಳಿಸಿದವಳು ನಾನು. ಇಂಥವಳು ಒಂದು ಕೋವಿಯ ಪಟ್ಟಿಯ ಮುಂದೆ ಮಾತು ನಿಂತು ಕೂತೆ ಎಂದರೆ ನನಗೇ ಈಗಲೂ ನಂಬಿಕೆ ಬರುವುದಿಲ್ಲ.

ನನ್ನ ಗಂಡ ಮಿಲಿಟರಿಯಲ್ಲಿದ್ದವರು. ತೊಂಬತ್ತರ ದಶಕದ ನಡುವೆ ಯಾವುದೋ ಬೆಟ್ಟದ ರಸ್ತೆಯಲ್ಲಿ ಲಾರಿ ಉರುಳಿ ಎಡಗೈ ಜಜ್ಜಿಹೋಯಿತು. ಪಿಂಚಣಿ ತೆಗೆದುಕೊಂಡು ಮನೆಗೆ ಬಂದರು. ತೋಳಿನಲ್ಲಿ ಬಲವಿತ್ತು, ಅಂಗೈ ಇತ್ತು, ಬೆರಳುಗಳು ಮಾತ್ರ ಮಡಚುತ್ತಿರಲಿಲ್ಲ. ಕಟ್ಟೆಮಳಲವಾಡಿಯ ಹೊಲಕ್ಕೆ ಹಂದಿ ಬೀಳುತ್ತದೆಂದು ಮಾವನವರು ಲೈಸೆನ್ಸ್ ಮಾಡಿಸಿದ್ದ ಒಂಟಿನಳಿಗೆ ಕೋವಿಯೊಂದು ಇವರ ಹೆಸರಿಗೆ ಬಂದಿತ್ತು. ಸರ್ವಿಸಿನಲ್ಲಿದ್ದಾಗ ಸೆಪ್ಟೆಂಬರಿನಲ್ಲಿ ರಜ ಸಿಕ್ಕಿದರೆ ಸಾಕು, ಅದನ್ನು ಹೆಗಲಿಗೇರಿಸಿ ಪಿರಿಯಾಪಟ್ಟಣ ದಾಟಿ ಕೊಡಗಿನ ಗೆಳೆಯನ ಊರಿಗೆ ಹೊರಟುಬಿಡುತ್ತಿದ್ದರು. ಅಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿಗಳಿಗೆ ಪೂಜೆ ಮಾಡಿ, ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ, ಒಬ್ಬೊಬ್ಬರಾಗಿ ಗುರಿಯಿಟ್ಟು ಹೊಡೆಯುತ್ತಾರೆ. ಇವರು ಹೊಡೆದರೆ ಕಾಯಿ ಒಡೆಯಲೇಬೇಕು ಎಂದು ಆ ಊರಿನವರೇ ಹೇಳುತ್ತಿದ್ದರು.

ಕೈ ಹೋದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಒಂದು ಸಲ ಹಿತ್ತಿಲಲ್ಲಿ ಖಾಲಿ ಕೋವಿ ಎತ್ತಿ ಹುಣಸೆಮರಕ್ಕೆ ಗುರಿ ಹಿಡಿದದ್ದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ನಳಿಗೆಯ ತುದಿ ಅತ್ತಿತ್ತ ಓಲಾಡುತ್ತಿತ್ತು. ಒಳಗೆ ಬಂದು ಕೋವಿಯನ್ನು ಗೂಟಕ್ಕೆ ನೇತುಹಾಕಿದರು.

"ಈ ಸಲದ ಹಬ್ಬ ಆಗ್ಲಿ ಕಣೆ. ಆಮೇಲೆ ಸ್ಟೇಷನ್‌ಗೆ ಒಪ್ಪಿಸಿ ಲೈಸೆನ್ಸ್ ಬುಟ್ಬುಡ್ತೀನಿ," ಎಂದರು. "ಒತ್ಕಂಡು ತಿರುಗೋಕಷ್ಟೇ ಆದ್ರೆ ಇದ್ಯಾಕೆ?"

ನನಗೆ ಭಯವಾಯಿತು. ಹೊಲದ ಕಡೆ ಹೋಗುವುದನ್ನು ಆಗಲೇ ಬಿಟ್ಟಿದ್ದರು, ಗೆಳೆಯರನ್ನು ಬಿಟ್ಟಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಅಷ್ಟೆ. ಈ ಕೋವಿಯೂ ಹೋದರೆ ಮನೆಯಲ್ಲಿ ಉಳಿಯುವ ಮನುಷ್ಯ ನಾನು ಮದುವೆಯಾದವನಲ್ಲ ಎಂದು ಅನಿಸಿತು. ಅದನ್ನು ಬಾಯಿಬಿಟ್ಟು ಹೇಳಲು ಬಾರದೆ ಸಿಡುಕಿದೆ.

"ಕೋವಿಗೆ ಪಟ್ಟಿ ಇರೋದೇ ಹೆಗಲಿಗೆ ಹಾಕಿ ಹೊರೋಕೆ ತಾನೆ? ಹೊತ್ಕೊಂಡು ತಿರುಗಿ, ಯಾರು ಬೇಡ ಅಂದೋರು?"

ಎಷ್ಟೋ ತಿಂಗಳ ಮೇಲೆ ಅವರಿಗೆ ಸಿಟ್ಟು ಬಂದದ್ದು ಆಗಲೇ. "ತಿಳೀದಿದ್ರೆ ಸುಮ್ಕಿರು. ಪಟ್ಟಿ ಅಂದ್ರೆ ಎಮ್ಮೆ ಹಗ್ಗ ಅಂದ್ಕಂಡಿದ್ದೀಯಾ?" ಎಂದು ಶುರು ಮಾಡಿದವರು ಮನೆಯಲ್ಲಿದ್ದ ನನ್ನ ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಕೂತುಬಿಟ್ಟರು.

ಅವರು ಆಯುಧಗಳ ಕೋಠಿಯಲ್ಲಿ ಕೆಲಸ ಮಾಡಿದ್ದವರು. ಅಲ್ಲಿ ಒಬ್ಬ ಉಸ್ತಾದರಿಂದ ಕೇಳಿದ್ದನ್ನು ಒಂದೊಂದಾಗಿ ಹೇಳಿದರು. ಹಳೆಯ ಕಾಲದ ಸೈನಿಕರಿಗೆ ಪಟ್ಟಿ ಎಂದರೆ ನಿಜವಾಗಿಯೂ ಹೊರುವುದಕ್ಕೇ ಇತ್ತಂತೆ. ಕುದುರೆ ಸವಾರರು ಮಾತ್ರ ಎದೆಗೆ ಅಡ್ಡಲಾಗಿ ಅಗಲವಾದ ಪಟ್ಟಿ ಹಾಕಿ, ಅದರ ಕೊಕ್ಕೆಗೆ ಬಂದೂಕು ಸಿಕ್ಕಿಸಿಕೊಳ್ಳುತ್ತಿದ್ದರು. ಓಡುವ ಕುದುರೆಯ ಮೇಲೆ ಕೈ ಜಾರಿದರೂ ಬಂದೂಕು ನೆಲಕ್ಕೆ ಬೀಳುತ್ತಿರಲಿಲ್ಲ. ಆಮೇಲೆ ಯಾವನೋ ಒಬ್ಬ, ಬಹುಶಃ ಕೈ ಸೋತವನೇ ಇರಬೇಕು, ಪಟ್ಟಿಯನ್ನು ಎಡತೋಳಿಗೆ ಸುತ್ತಿ ಬಿಗಿಯಾಗಿ ಎಳೆದುಕೊಂಡ. ಬಂದೂಕು ಭುಜಕ್ಕೆ ಅಂಟಿ ನಿಂತಿತು. ಅದನ್ನು ನೋಡಿ ದೂರದೇಶದ ಸೈನ್ಯವೊಂದು ಪಟ್ಟಿಯನ್ನೇ ಎರಡು ತುಂಡು ಮಾಡಿ, ಒಂದನ್ನು ಉದ್ದ ಸರಿಮಾಡಲು, ಇನ್ನೊಂದನ್ನು ತೋಳಿನ ಕುಣಿಕೆಗೆ ಎಂದು ಹಿತ್ತಾಳೆ ಕೊಕ್ಕೆ ಇಟ್ಟು ಹೊಲಿಸಿತು.

"ಆ ಮೊದಲನೆಯವನು ಯಾರು?" ಎಂದೆ.

"ಯಾರಿಗ್ ಗೊತ್ತು? ಯೆಸ್ರು ಯಾರೂ ಬರ್ದಿಟ್ಟಿಲ್ಲ."

ನಾನು ಮಿಷನ್ ನಿಲ್ಲಿಸಿದೆ. ಇಷ್ಟು ವರ್ಷ ಬಟ್ಟೆ ಕತ್ತರಿಸಿದ್ದೇನೆ, ತೋಳಿಗೆ ಬಟ್ಟೆ ಹೊಲಿಯುತ್ತಾರೆಂದು ಗೊತ್ತು. ಒಂದು ಪಟ್ಟಿಯೇ ತೋಳಿನ ಕೆಲಸ ಮಾಡುತ್ತದೆ ಎಂದು ಗೊತ್ತಿರಲಿಲ್ಲ. ಯಾವ ಕಾಲದಲ್ಲೋ, ಯಾವ ನೆಲದಲ್ಲೋ, ನನ್ನ ಗಂಡನ ಹಾಗೆ ಕೈ ನಡುಗಿದವನೊಬ್ಬ ಇದನ್ನು ಯೋಚಿಸಿಟ್ಟು ಹೋಗಿದ್ದಾನಲ್ಲ ಎಂದು ಮೈ ಜುಮ್ಮೆಂದಿತು. ಬೆರಳು ಮಡಚದಿದ್ದರೇನು, ಅಂಗೈ ಮೇಲೆ ಕೋವಿ ಕೂತರೆ ಸಾಕಲ್ಲ! ಅಲ್ಲಿಂದ ನನಗೆ ನಿದ್ದೆ ಊಟ ಎರಡೂ ಅದೇ ಆಯಿತು.

ಹುಣಸೂರಿನಲ್ಲಿ ಜಟಕಾ ಕುದುರೆಗಳಿಗೆ ಲಗಾಮು ಹೊಲಿಯುತ್ತಿದ್ದ ಸಾಹೇಬರೊಬ್ಬರಿದ್ದರು. ಜಟಕಾಗಳು ಕಡಿಮೆಯಾಗಿ ಬ್ಯಾಗು ರಿಪೇರಿಗೆ ಇಳಿದಿದ್ದರು. ನನ್ನ ಗಂಡ ಹೇಳಿದ ಅಳತೆಗೆ ಸಾಹೇಬರು ಒಳ್ಳೆ ಚರ್ಮದ ಪಟ್ಟಿ ಮಾಡಿಕೊಟ್ಟರು. ನಾನು ಅದನ್ನು ಮನೆಗೆ ತಂದು, ನಮ್ಮ ಕಡೆ ಸಂಕ್ರಾಂತಿಗೆ ಎತ್ತಿನ ಕೊರಳಪಟ್ಟಿಗೆ ಹಚ್ಚುವ ಹಾಗೆ, ಹರಳೆಣ್ಣೆ ಸುರಿದು ಚೆನ್ನಾಗಿ ನೀವಿ ಬಿಸಿಲಿಗಿಟ್ಟೆ. ಪಳಪಳ ಹೊಳೆಯಿತು. ತೋಳಿಗೆ ಸುತ್ತಿ ಎಳೆದರೆ ರಬ್ಬರಿನಂತೆ ಹಿಗ್ಗಿತು. ಒಂದು ಮಳೆ ಬಿದ್ದ ಮೇಲಂತೂ ಮೊಣಕಾಲಿಗೆ ಬಡಿಯುವಷ್ಟು ಜೋತಿತು.

"ಯಾ ಅಲ್ಲಾ, ಬಜ್ಜಿ ಕರೀತೀರಾ ಅಮ್ಮಾ ಇದನ್ನ?" ಎಂದರು ಸಾಹೇಬರು.

ನನ್ನ ಗಂಡ ನಕ್ಕರು. ಕೈ ಹೋದ ಮೇಲೆ ನಾನು ಕೇಳಿದ ಮೊದಲ ನಗು ಅದು. "ದೊಡ್ ದೊಡ್ ಸೈನ್ಯಗಳೇ ಇದ್ರಲ್ಲಿ ಎಡವಿದ್ವು ಕಣೆ, ನೀನ್ಯಾವ ಲೆಕ್ಕ," ಎಂದರು. ಚರ್ಮ ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಸೀಳುತ್ತದೆ, ಬೂಸಲು ಹಿಡಿಯುತ್ತದೆ. ಕೊನೆಗೆ ಒಂದು ದೇಶದ ಕ್ಯಾಪ್ಟನ್ ಒಬ್ಬ ಗುಂಡಿನ ತೋಟಾ ಇಡುವ ಸೊಂಟಪಟ್ಟಿಯನ್ನು ಹತ್ತಿ ನೂಲಿನಲ್ಲಿ ದಪ್ಪಗೆ, ಮಗ್ಗದಲ್ಲೇ ನೇಯಿಸುವ ಉಪಾಯ ಹುಡುಕಿದನಂತೆ. ಬಂದೂಕಿನ ಪಟ್ಟಿಯೂ ಮುಂದೆ ಅದೇ ದಾರಿ ಹಿಡಿಯಿತಂತೆ.

"ಹತ್ತಿ ನೂಲು, ದಪ್ಪ ನೇಯ್ಗೆ, ಎರಡು ಬೆರಳಗಲ," ಎಂದು ನಾನು ಗೊಣಗಿಕೊಂಡೆ. ಹಾಗೆ ಗೊಣಗುತ್ತಲೇ ಕಣ್ಣು ಮಂಚದ ಮೇಲೆ ಬಿತ್ತು. ಹತ್ತಿಯ ದಪ್ಪ ಪಟ್ಟಿ ಹೆಣೆದ ನವಾರು ಮಂಚ! ಸೈನ್ಯಗಳು ತಲೆಕೆಡಿಸಿಕೊಂಡು ಕಂಡುಹಿಡಿದದ್ದರ ಮೇಲೆ ನಮ್ಮ ಅತ್ತೆ ದಿನವೂ ಕಾಲು ಚಾಚಿ ಮಲಗುತ್ತಿದ್ದರು. ಅವರು "ಅಯ್ಯೋ ನನ್ ಮಂಚ ಕಣ್ರೇ!" ಎಂದು ಕೂಗುತ್ತಿದ್ದಂತೆಯೇ ಒಂದು ಪಟ್ಟಿ ಬಿಚ್ಚಿಕೊಂಡೆ. ಹತ್ತಿ ನೀರು ಕಂಡರೆ ಕುಗ್ಗುತ್ತದೆಂದು ಯಾವ ಟೈಲರಿಗೂ ಹೇಳಿಕೊಡಬೇಕಾಗಿಲ್ಲ. ನೆನೆಸಿ, ಒಣಗಿಸಿ, ಎರಡು ಮಡಿಕೆ ಮಾಡಿ ಅಂಚಿಗೆ ಹೊಲಿಗೆ ಹಾಕಿದೆ. ಸಾಹೇಬರು ಹಳೆಯ ಲಗಾಮಿನ ಹಿತ್ತಾಳೆ ಕೊಕ್ಕೆ ಕೂರಿಸಿಕೊಟ್ಟರು.

ಹಿತ್ತಿಲಲ್ಲಿ ಇವರು ಅದನ್ನು ತೋಳಿಗೆ ಸುತ್ತಿ ಕೋವಿ ಎತ್ತಿದಾಗ ನಾನು ಕಿಟಕಿಯಿಂದ ನೋಡಲಿಲ್ಲ, ಪಕ್ಕದಲ್ಲೇ ನಿಂತಿದ್ದೆ. ನಳಿಗೆಯ ತುದಿ ಒಂದು ಸಲ ಓಲಾಡಿತು. ಪಟ್ಟಿ ಬಿಗಿಯಿತು. ತುದಿ ನಿಂತಿತು. ಸತ್ತು ಮಣ್ಣಾದ ಯಾರೋ ಹೆಸರಿಲ್ಲದವರು ಬಂದು ಇವರ ಕೈ ಹಿಡಿದಂತೆ ಕಂಡಿತು. ಕೈ ಮುಗಿಯಬೇಕು ಅನಿಸಿತು, ಮುಗಿದೆ. ಇವರು "ಏನೇ ಅದು?" ಎಂದರೂ ಹೇಳಲಿಲ್ಲ.

ಆ ವರ್ಷದ ಹಬ್ಬಕ್ಕೆ ನಾನೂ ಹೋದೆ. ಸೋನೆ ಹಿಡಿದಿತ್ತು. ಕೊಡಗಿನ ಗೆಳೆಯರು ಇವರನ್ನು ತಬ್ಬಿಕೊಂಡರೇ ಹೊರತು ಕೈಯ ವಿಷಯ ಕೇಳಲಿಲ್ಲ. ಇವರ ಸರದಿ ಬಂತು. ಪಟ್ಟಿ ಸುತ್ತಿಕೊಂಡರು, ಎತ್ತಿದರು, ಹೊಡೆದರು. ಗುಂಡು ಕಾಯಿಯ ಸಿಪ್ಪೆ ಸೀಳಿಕೊಂಡು ಹೋಯಿತು. ಕಾಯಿ ಗಿರ್ರನೆ ತಿರುಗಿ ಅಲ್ಲೇ ನೇತಾಡಿತು, ಒಡೆಯಲಿಲ್ಲ. ಗೆಳೆಯರು "ಪರವಾಗಿಲ್ಲ ಮಾರಾಯ," ಎಂದು ಬೆನ್ನು ತಟ್ಟಿದರು. ನಾಳೆ ಕೋವಿ ಸ್ಟೇಷನ್ನಿಗೆ ಹೋಗುತ್ತದೆ, ಮುಗಿಯಿತು ಎಂದುಕೊಂಡೆ.

ಇವರು ನೆಟ್ಟಗೆ ನನ್ನ ಹತ್ತಿರ ಬಂದರು. ಮುಖ ಕೆಂಪಾಗಿತ್ತು. ಇಡೀ ಊರಿನ ಮುಂದೆ ಪಟ್ಟಿಯನ್ನು ನನ್ನ ಮೂಗಿನ ಹತ್ತಿರ ಹಿಡಿದು ಬೈದರು.

"ಏನ್ ಟೈಲರೇ ನೀನು? ಒಂದ್ ಬೆರಳು ಉದ್ದ ಬುಟ್ಟಿದ್ದೀಯ! ಬರೋ ವರ್ಷಕ್ಕೆ ಬಿಚ್ಚಿ ಸರ್ಯಾಗಿ ಹೊಲಿ."

ಬಾಯಿ ಜೋರಿನವಳು ನಾನು. ಪಟ್ಟಿ ಇಸಿದುಕೊಂಡು, ಆ ಒಂದು ಬೆರಳನ್ನು ಅಲ್ಲೇ ಅಳೆಯುತ್ತ "ಆಯ್ತು ಕಣ್ರೀ," ಎಂದೆ.